ಅಪ್ಪ ಇದ್ದವಳಿಗೆ ಅಪ್ಪನಾದವನು

ಆತ ಸತ್ತ ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಅರ್ಧ ಪುಟದ ಸುದ್ದಿ. ದಪ್ಪ ಅಕ್ಷರದಲ್ಲಿ ‘ಕ್ರೀಡಾಪಟುಗಳ ತಂದೆ ಇನ್ನಿಲ್ಲ’ ಎಂಬ ತಲೆಬರಹ. ಕೆಳಗೆ ಅವನ ನಗುಮುಖದ ಫೋಟೋ, ಅವನ ಕೈಯಲ್ಲಿ ಎತ್ತಿ ಹಿಡಿದ ಯಾವಳೋ ಹುಡುಗಿಯ ಕೈ. ಹುಡುಗಿಯ ಮುಖ ಅರ್ಧಕ್ಕೆ ಕತ್ತರಿಸಿ ಹೋಗಿತ್ತು. ಚಹಾ ಕುಡಿಯುತ್ತಿದ್ದ ನಾನು ಲೋಟ ಕೆಳಗಿಟ್ಟೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ನನಗೂ ಮನೆಯಲ್ಲಿ ಹೇಳಿಕೊಟ್ಟಿದ್ದಾರೆ. ಆದರೆ ಆ ‘ತಂದೆ’ ಎಂಬ ಶಬ್ದ ಕಂಡ ಕೂಡಲೇ ಮೈ ಉರಿದುಹೋಯಿತು. ಅದನ್ನು ಅವನು ಯಾರ ಮನೆಯಿಂದ ಎತ್ತಿಕೊಂಡು ಬಂದಿದ್ದ ಎಂಬುದು ನನಗೆ ಗೊತ್ತು.

ಒಂದು ವಾರದ ಮೇಲೆ ಸ್ಮರಣ ಸಂಚಿಕೆಯವರು ಫೋನ್ ಮಾಡಿದರು.

“ಅಕ್ಕೋರ, ನೀವು ಅವರನ್ನ ಹತ್ತಿರದಿಂದ ನೋಡಿದವರು. ಎರಡು ಪುಟ ಬರದ ಕೊಡ್ರಿ. ಛಲೋದ ಬರೀರಿ ಮತ್ತ.”

“ಖರೇದ ಬರೀತೇನಿ,” ಎಂದೆ.

“ಹಾಂ, ಅದ ರೀ,” ಎಂದು ಫೋನ್ ಇಟ್ಟರು. ಅವರು ಇದನ್ನು ಛಾಪಿಸುವುದಿಲ್ಲ. ಛಾಪಿಸದಿದ್ದರೆ ಬಿಡಲಿ.

ನಾನು ಬೀಳಗಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಿದ್ದೆ. ಊರಿನವರ ಬಾಯಲ್ಲಿ ಡ್ರಿಲ್ ಅಕ್ಕೋರು. ಹಳೆಯ ಊರು ಹಿನ್ನೀರಿನಲ್ಲಿ ಹೋಗಿ ನಮ್ಮ ಶಾಲೆ ಪುನರ್ವಸತಿ ಕೇಂದ್ರಕ್ಕೆ ಬಂದಿತ್ತು. ಅಲ್ಲಿ ಸರಕಾರ ಮೊದಲು ರಸ್ತೆ ಮಾಡಿತು, ಮನೆಗಳು ಆಮೇಲೆ ಎದ್ದವು, ಎಷ್ಟೋ ಕಡೆ ಏಳಲೇ ಇಲ್ಲ. ಜಾಲಿ ಕಂಟಿಯ ನಡುವೆ ನುಣುಪಾದ ಡಾಂಬರು ರಸ್ತೆಗಳು ಯಾರಿಗೂ ಬೇಡವಾಗಿ ಬಿದ್ದಿದ್ದವು. ಮನುಷ್ಯರಿಗೆ ಅದರಿಂದ ಏನು ಸುಖವಾಯಿತೋ ಕಾಣೆ, ಸೈಕಲ್ ಕಲಿಯುವ ಮಕ್ಕಳಿಗೆ ಮಾತ್ರ ಅಂಥ ಜಾಗ ಇಡೀ ಜಿಲ್ಲೆಯಲ್ಲಿ ಇರಲಿಲ್ಲ.

ಈಗ ಸತ್ತನಲ್ಲ, ಅವನು ಬನಹಟ್ಟಿ ಕಡೆಯವನು. ವಯಸ್ಸಿನಲ್ಲಿ ತಾನೂ ರೇಸಿನಲ್ಲಿ ಸೈಕಲ್ ಹೊಡೆದವನಂತೆ. ನಮ್ಮ ಶಾಲೆಗೆ ಮೊದಲ ಸಲ ಬಂದಾಗ ಒಂದು ಕಾರ್ಡು ಕೊಟ್ಟ. ಅದರಲ್ಲಿ ಅವನ ಹೆಸರು, ಕೆಳಗೆ ‘ಸ್ಪೋರ್ಟ್ಸ್ ಏಜೆಂಟ್’. ನಮ್ಮ ಹೆಡ್‌ಮಾಸ್ತರರು ಕನ್ನಡಕ ಏರಿಸಿ ನೋಡಿ, “ಯಾವ ವಿಮಾ ಕಂಪನಿ ಅಂದ್ರಿ?” ಎಂದು ಕೇಳಿದರು. ಅವನು ಬೇಜಾರು ಮಾಡಿಕೊಳ್ಳದೆ ವಿವರಿಸಿದ. ಓಡುವ, ಸೈಕಲ್ ಹೊಡೆಯುವ ಮಕ್ಕಳನ್ನು ಹುಡುಕುವುದು, ಅವರಿಗೆ ಒಳ್ಳೆಯ ಸೈಕಲ್ಲು ಬೂಟು ಕೊಡಿಸುವ ಧಣಿಗಳನ್ನು ಹುಡುಕುವುದು, ದೊಡ್ಡ ರೇಸುಗಳಿಗೆ ಕಳಿಸುವುದು, ಕಡೆಗೆ ಆಟಗಾರರ ಕೋಟಾದಲ್ಲಿ ಒಂದು ನೌಕರಿಗೆ ಹಚ್ಚುವುದು. ಬೆಂಗಳೂರು ಮುಂಬಯಿಯಲ್ಲಿ ಅಂಥವರು ಇದ್ದರೇನೋ, ಜಮಖಂಡಿ ಮುಧೋಳದ ಕಡೆ ಇವನೇ ಮೊದಲನೆಯವನು. ಆ ದಿನಗಳಲ್ಲಿ ಕನ್ನಡದ ಸುದ್ದಿ ಚಾನಲ್ಲುಗಳು ಒಂದರ ಹಿಂದೊಂದು ಹುಟ್ಟುತ್ತಿದ್ದವು. ಇಪ್ಪತ್ತನಾಲ್ಕು ತಾಸೂ ತೋರಿಸಲು ಏನಾದರೂ ಬೇಕಲ್ಲ, ಅವನು ಒದಗಿಸುತ್ತಿದ್ದ.

ಜಮಖಂಡಿ ಮುಧೋಳ ರಸ್ತೆಯ ಒಂದು ರೇಸಿನಲ್ಲಿ ಅವನ ಕಸುಬನ್ನು ಸರಿಯಾಗಿ ನೋಡಿದೆ. ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ರಸ್ತೆಗೆ ಇಳಿಯುವ ಮೊದಲೇ ರೇಸು ಮುಗಿಸಬೇಕು. ಗೆಲ್ಲುವ ಹುಡುಗ ಕಂಡ ಕೂಡಲೇ ಇವನು ಮರದ ನೆರಳಿನಿಂದ ಎದ್ದು, ಜೇಬಿನ ಕೆಂಪು ಬಾಚಣಿಗೆಯಿಂದ ಕ್ರಾಪು ತೀಡಿಕೊಂಡು, ಕೊನೆಯ ನಾಲ್ಕು ಮಾರು ಹುಡುಗನ ಪಕ್ಕಕ್ಕೆ ಓಡಿದ. ಗೆರೆ ದಾಟುವಾಗ ಇಬ್ಬರೂ ಒಟ್ಟಿಗೆ ದಾಟಿದರು. ಫೋಟೋದಲ್ಲಿ ನೋಡಿದರೆ ಹುಡುಗನಿಗಿಂತ ಇವನೇ ಹೆಚ್ಚು ಏದುಸಿರು ಬಿಡುತ್ತಿದ್ದ. ಹೆಗಲ ಮೇಲೆ ಒಂದು ಬಿಳಿ ಟಾವೆಲ್ಲು. ಕ್ಯಾಮರಾ ಇದ್ದರೆ ತಾನೇ ಹುಡುಗನ ಮುಖ ಒರೆಸುವನು, ಇಲ್ಲದಿದ್ದರೆ ಟಾವೆಲ್ಲನ್ನು ಅವನ ಕಡೆ ಒಗೆಯುವನು. ಮೂರನೆಯವನಾಗಿ ಬಂದ ಹುಡುಗನಿಗೆ ಟಾವೆಲ್ಲೂ ಇರಲಿಲ್ಲ. ಕಾರಿನ ಡಿಕ್ಕಿಯಲ್ಲಿ ಮಾಲೆಗಳನ್ನು ಅವನೇ ತಂದಿರುತ್ತಿದ್ದ. ಊರ ಹಿರಿಯರನ್ನು ಕರೆದು ಅವರ ಕೈಗೆ ಮಾಲೆ ಕೊಟ್ಟು, ತನ್ನ ಕೊರಳು ಚಾಚುತ್ತಿದ್ದ. ವರದಿಗಾರರಿಗೆ ತಾನು ಏನು ಹೇಳಿದೆ ಎಂಬುದನ್ನು ಹೇಳುವ ಮೊದಲೇ ಬರೆಸಿಬಿಡುತ್ತಿದ್ದ.

ನಾನು ಒಂದು ಸಲ ತಡೆಯಲಾರದೆ, “ಸೈಕಲ್ ಹೊಡದಾಂವ ಅವನೋ ನೀವೋ?” ಎಂದು ಕೇಳಿದ್ದೆ.

“ಕಂಡದ್ದಷ್ಟ ಖರೆ ರೀ ಅಕ್ಕೋರ,” ಎಂದು ನಕ್ಕ. “ಫೋಟೋದಾಗ ಇಲ್ಲಂದ್ರ ನೀವು ಅಲ್ಲಿ ಇರಲೇ ಇಲ್ಲ.”

ಅವನು ಪೂರಾ ದುಷ್ಟನಾಗಿದ್ದರೆ ನನಗೆ ಸುಲಭವಿತ್ತು. ಮುಧೋಳದ ತಿರುವಿನಲ್ಲಿ ಒಬ್ಬ ಹುಡುಗ ಬಿದ್ದು ಹೆಗಲ ಎಲುಬು ಮುರಿದುಕೊಂಡಾಗ, ಯಾವ ಕ್ಯಾಮರಾದವನೂ ಇಲ್ಲದ ಹೊತ್ತಿನಲ್ಲಿ, ಅವನನ್ನು ಎತ್ತಿ ತನ್ನ ಕಾರಿನಲ್ಲಿ ಹಾಕಿಕೊಂಡು ಬಾಗಲಕೋಟೆಗೆ ಹೊಡೆದವನು ಇವನೇ. ಸೀಟೆಲ್ಲ ರಕ್ತವಾಗಿತ್ತು, ಒಂದು ಮಾತು ಅನ್ನಲಿಲ್ಲ. ಮರುದಿನ ಪಟ್ಟಿ ಕಟ್ಟಿದ ಹುಡುಗನ ಪಕ್ಕ ಕೂತು ಫೋಟೋ ತೆಗೆಸಿಕೊಂಡ ಎಂಬುದೂ ಸುಳ್ಳಲ್ಲ. ಹುಡುಗರ ಕಾಲಿನ ಮೀನಖಂಡ ನೋಡಿ ಇವನು ಏರು ಹತ್ತುತ್ತಾನೋ ಇಲ್ಲವೋ ಎಂದು ಹೇಳುತ್ತಿದ್ದ, ಹೇಳಿದ್ದು ತಪ್ಪುತ್ತಿರಲಿಲ್ಲ.

ಹಾಗೇ ನೋಡಿ ಆರಿಸಿದವಳು ನಮ್ಮ ಮಾಯವ್ವ.

ಒಂಬತ್ತನೇ ತರಗತಿಯ ಹುಡುಗಿ. ಬೀರಪ್ಪನ ಒಕ್ಕಲು, ಕುರಿ ಕಾಯುವ ಮನೆತನ. ಅಪ್ಪ ವರ್ಷದ ಅರ್ಧ ಭಾಗ ಕುರಿ ಹಿಂಡಿನ ಹಿಂದೆ ಗದಗ ಕಡೆ ಹೋಗಿಬಿಡುತ್ತಿದ್ದ. ಅಲ್ಲಿನ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತ ಊರಿಂದೂರಿಗೆ ನಡೆಯುವುದು. ಅವನ ಅಣ್ಣತಮ್ಮಂದಿರು ಹೆಣ್ಣುಹುಡುಗಿ ಚಡ್ಡಿ ಹಾಕಿಕೊಂಡು ರಸ್ತೆಯ ಮೇಲೆ ಸೈಕಲ್ ಹೊಡೆಯುವುದೆಂದರೇನು ಎಂದು ಕೂಗಾಡಿದ್ದರು. ಅವನು ಒಬ್ಬನೇ ಹೂಂ ಅಂದವನು. ಹಿಂಡು ಹೊರಡುವ ದಿನ ಶಾಲೆಯ ಗೇಟಿಗೆ ಬಂದು, ಕಂಬಳಿ ಹೆಗಲಿಗೇರಿಸಿ ನಿಂತು ಹೇಳಿದ:

“ಅಕ್ಕೋರ, ಕೂಸು ಸೈಕಲ್ ಹೊಡೀಲಿ. ನಾ ತಿರುಗಿ ಬರೂದ್ರಾಗ ಬಿದ್ದು ಹಲ್ಲ ಮುರಕೊಂಡಿರಬಾರ್ದು, ಅಷ್ಟ.”

ಮಾಯವ್ವ ಹಲ್ಲು ಮುರಿದುಕೊಳ್ಳಲಿಲ್ಲ. ಜಿಲ್ಲೆಯ ಹುಡುಗಿಯರನ್ನೆಲ್ಲ ಹಿಂದೆ ಹಾಕಿದಳು. ರಾಜ್ಯದ ಕ್ರೀಡಾ ವಸತಿನಿಲಯಕ್ಕೆ ಆಯ್ಕೆ ನಡೆಯುವುದಿತ್ತು. ಅವಳ ವಯಸ್ಸಿಗೆ ಅದೇ ಕೊನೆಯ ಸಲ. ಅಲ್ಲಿ ಸೇರಿದರೆ ತರಬೇತಿ, ಊಟ, ಓದು ಎಲ್ಲ ಆಗಿ, ಮುಂದೆ ರೈಲ್ವೆಯಲ್ಲೋ ಪೊಲೀಸಿನಲ್ಲೋ ನೌಕರಿಯ ದಾರಿ ತೆರೆಯುತ್ತಿತ್ತು. ನಮ್ಮ ಶಾಲೆಯಿಂದ ಯಾರೂ ಅಲ್ಲಿಗೆ ಹೋದವರಿರಲಿಲ್ಲ. ಇವನು ಅವಳಿಗೆ ರೇಸಿನ ಸೈಕಲ್ಲು ಕೊಡಿಸಿದ್ದ, ಅದಕ್ಕೆ ನಾನು ಕೈ ಮುಗಿದಿದ್ದೆ. ಆಯ್ಕೆಗೆ ಸ್ವಲ್ಪ ಮೊದಲು ಟಿವಿಯವರನ್ನು ಕರೆತಂದ.

ಅಂದು ನಾನು ಹಿನ್ನೀರಿನ ಕಡೆಯ ರಸ್ತೆಯಲ್ಲಿ ಮಾಯವ್ವನ ಜೊತೆಗಿದ್ದೆ. ಒಬ್ಬ ಕ್ಯಾಮರಾದವನು ಸ್ಕೂಟರಿನ ಹಿಂದೆ ಉಲ್ಟಾ ಕೂತು ಅವಳ ಸೈಕಲ್ಲನ್ನು ತೆಗೆಯುತ್ತಿದ್ದ. ಇನ್ನೊಬ್ಬನನ್ನು ಕರೆದುಕೊಂಡು ಇವನು ಅವರ ಮನೆಗೆ ಹೋಗಿದ್ದ. ಅಲ್ಲಿ ನಡೆದದ್ದನ್ನು ಅವಳ ಅವ್ವ ಆಮೇಲೆ ನನಗೆ ಹೇಳಿದಳು.

ಮೊದಲು ಮನೆಯೊಳಗಿನ ಟಿವಿಗೆ ಕಂಬಳಿ ಹೊದಿಸಿದನಂತೆ. ಸಿಮೆಂಟಿನ ಮನೆ ಬೇಡವೆಂದು ಹಿತ್ತಲಿನ ಕುರಿಹಟ್ಟಿಯ ಮುಂದೆ ಅವಳನ್ನು ಕೂರಿಸಿದನಂತೆ. ಬಾಗಿಲಲ್ಲಿದ್ದ ಗಂಡನ ಹಳೆಯ ಕೆರ, ಗೂಟಕ್ಕೆ ಹಾಕಿದ್ದ ರುಮಾಲು ಎರಡನ್ನೂ ತಾನೇ ಎತ್ತಿ ಒಳಗಿಟ್ಟನಂತೆ.

“ಆಮ್ಯಾಲ, ಅವ್ವಾ ನಿನ್ನ ಬಳಿ ಸಪ್ಪಳ ಆಗ್ತಾವ, ಮೈಕಿನ್ಯಾಗ ಬರೇ ಅದ ಕೇಳ್ತೈತಿ ಅಂದ,” ಎಂದಳು ಅವಳ ಅವ್ವ. “ಹಂಗಾರ ಆತು ಅಂತ ಬಳಿ ಮ್ಯಾಲ ಸರಿಸಿ ಸೆರಗ ಹೊತಗೊಂಡೆ. ತಾಳಿನೂ ಸೆರಗಿನಾಗ ಮುಚ್ಚಿತು. ಆಮ್ಯಾಲ ಜಗಲಿ ಮುಂದ ಹೋಗಿ ಬೀರಪ್ಪಗ ಉದ್ದಕ ಅಡ್ಡ ಬಿದ್ದ. ತಾನೂ ಭಂಡಾರ ಹಚ್ಚಿಕೊಂಡು, ನನ್ನ ಕೈಯಾಗೂ ಹಾಕಿದ. ಕೂಸಿನ ಹೆಸರಿಲೆ ಹಣಿ ತುಂಬ ಹಚ್ಚಿಕೋ ಅವ್ವಾ ಅಂದ. ದ್ಯಾವರ ಭಂಡಾರ ಒಲ್ಲೆ ಅನ್ನಾಕ ಬರ್ತೈತೇನ್ರೀ ಅಕ್ಕೋರ?”

ಬರುವುದಿಲ್ಲ. ಅದು ಅವನಿಗೆ ಗೊತ್ತಿತ್ತು. ಕುಂಕುಮ ಒರೆಸಿಕೋ ಎಂದಿದ್ದರೆ ಆ ಹೆಂಗಸು ಅವನ ಕಪಾಳಕ್ಕೆ ಬಾರಿಸುತ್ತಿದ್ದಳು. ಅದಕ್ಕೇ ದೇವರ ಅರಿಶಿನವನ್ನೇ ಅದರ ಮೇಲೆ ಬಳಿಸಿದ. ಹಣೆಯ ಕೆಂಪು ಮುಚ್ಚಿಹೋಯಿತು, ಆಕೆ ಅದನ್ನು ಭಕ್ತಿಯಿಂದ ತನ್ನ ಕೈಯಾರೆ ಮಾಡಿಕೊಂಡಳು. ಇಷ್ಟು ವರ್ಷವಾದರೂ ಇದನ್ನು ಬರೆಯುವಾಗ ನನಗೆ ಹಲ್ಲು ಕಡಿಯುವಂತಾಗುತ್ತದೆ.

ಕಾರ್ಯಕ್ರಮ ಬರುವ ಸಂಜೆ ಅವರ ಮನೆಯಲ್ಲಿ ಓಣಿಯೇ ಸೇರಿತ್ತು. ನಾನೂ ಹೋಗಿದ್ದೆ. ಮಾಯವ್ವ ಸೈಕಲ್ ಹೊಡೆಯುವುದು ಬಂದಾಗ ಹುಡುಗರು ಸಿಳ್ಳು ಹಾಕಿದರು. ಆಮೇಲೆ ಹಿಂದಿನಿಂದ ಒಂದು ದುಃಖದ ರಾಗ ಎದ್ದಿತು. “ತಂದೆಯನ್ನು ಕಳೆದುಕೊಂಡ ಬಾಲೆ” ಎಂದಿತು ದನಿ. ತೆರೆಯ ತುಂಬ ಅವಳ ಅವ್ವ, ಬೋಳು ಕೈ, ಹಳದಿ ಹಣೆ. ನಂತರ ಇವನು. ಕಣ್ಣಲ್ಲಿ ನೀರಿತ್ತು, ನಿಜವಾದ ನೀರೇ.

“ಆಕಿಗೆ ಅಪ್ಪ ಇಲ್ಲ ಅನ್ನೂ ಕೊರಗ ಬರಗೊಡೂದಿಲ್ಲ,” ಎಂದ. “ಇವತ್ತಿನಿಂದ ನಾನ ಆಕಿ ಅಪ್ಪ.”

ಅವಳ ಅವ್ವ ತನ್ನ ಹಣೆ ಮುಟ್ಟಿ ನೋಡಿಕೊಂಡಳು. ಮಾಯವ್ವ ನನ್ನ ತೋಳು ಹಿಡಿದಳು.

“ಅಕ್ಕೋರ, ಅಪ್ಪಗ ಏನರೆ ಆಗೈತೇನ್ರೀ? ಟಿವ್ಯಾವ್ರಿಗೆ ಮೊದಲ ಗೊತ್ತಾಗಿರತೈತಿ.”

ನಾನು ಸುಳ್ಳು ಸುಳ್ಳು ಎಂದು ಕೂಗಿದೆ. ಆದರೆ ಅವಳ ಅಪ್ಪನ ಹತ್ತಿರ ಮೊಬೈಲಿರಲಿಲ್ಲ, ಅವನು ಯಾವ ಊರಿನ ಯಾವ ಹೊಲದಲ್ಲಿದ್ದಾನೋ ಯಾರಿಗೂ ತಿಳಿಯದು. ಆ ರಾತ್ರಿ ತಾಯಿ ಮಗಳಿಬ್ಬರೂ ಕಣ್ಣು ಮುಚ್ಚಲಿಲ್ಲ. ಬೆಳಕು ಹರಿಯುವಷ್ಟರಲ್ಲಿ ಮುಧೋಳ ಕಡೆಯಿಂದ ನೆಂಟರು ಟೆಂಪೋದಲ್ಲಿ ಬಂದಿಳಿದರು. ಮಾಯವ್ವನ ಅಪ್ಪನ ಅಕ್ಕ ಓಣಿಯ ತುದಿಯಿಂದಲೇ ಎದೆ ಬಡಿದುಕೊಂಡು ಹಾಡಿ ಅಳುತ್ತ ಬಂದಳು, ನನ್ನ ತಮ್ಮ ಸತ್ತದ್ದನ್ನು ನನಗೆ ಹೇಳಲಿಲ್ಲವಲ್ಲ ಎಂದು ಒಲೆ ಮುಂದೆ ಕೂತಿದ್ದ ಮಾಯವ್ವನ ಅವ್ವನ ಕೂದಲಿಗೆ ಕೈ ಹಾಕಿದಳು. ಇಲ್ಲ ಇಲ್ಲ ಎಂದರೆ ಯಾರು ಕೇಳುತ್ತಾರೆ? ಟಿವಿಯಲ್ಲಿ ಎಲ್ಲರೂ ಕಣ್ಣಾರೆ ನೋಡಿದ್ದರು.

ಮೂರನೆಯ ದಿನ ಮಾಯವ್ವನ ಅಪ್ಪ ಬಂದ. ರೋಣದ ಹತ್ತಿರ ಒಂದು ಹೊಟೇಲಿನಲ್ಲಿ ಚಹಾ ಕುಡಿಯುತ್ತ ತಲೆಯೆತ್ತಿದಾಗ ಟಿವಿಯಲ್ಲಿ ಹೆಂಡತಿ ಕಂಡಳಂತೆ. ಹೊಟೇಲಿನವನು “ಪಾಪ, ಗಂಡ ಸತ್ತಾನಂತ” ಎಂದನಂತೆ. ಹಿಂಡನ್ನು ಜೊತೆಯವರಿಗೆ ಒಪ್ಪಿಸಿ, ಸಿಕ್ಕ ಲಾರಿ ಸಿಕ್ಕ ಬಸ್ಸು ಹಿಡಿದು ಬಂದಿದ್ದ. ಆದರೆ ಮನೆಯೊಳಗೆ ನೇರ ಹೋಗಲು ಹಿರಿಯರು ಬಿಡಲಿಲ್ಲ. ಅವನ ಹೆಸರಿನಲ್ಲಿ ಅತ್ತಾಗಿತ್ತು. ಅತ್ತ ಮನೆಗೆ ಹಾಗೇ ಕಾಲಿಡಬಾರದೆಂದು ಅಂಗಳದಲ್ಲಿ ನಿಲ್ಲಿಸಿ, ಕೊಡದ ತಣ್ಣೀರು ತಲೆಯ ಮೇಲೆ ಸುರಿದು, ಭಂಡಾರ ಹಾರಿಸಿ, ಹೆಸರು ಹಿಡಿದು ಕರೆದರು. ತನ್ನದೇ ಮನೆಯ ಮುಂದೆ ಆ ಮನುಷ್ಯ ತೊಯ್ದು ತಪ್ಪಡಿಯಾಗಿ, ತಲೆ ತಗ್ಗಿಸಿ ನಿಂತಿದ್ದ. ನಾನು ಅಷ್ಟು ದೂರದಲ್ಲಿ ನಿಂತು ನೋಡಿದೆ. ಅವನು ಮಾಡಿದ ತಪ್ಪಾದರೂ ಏನು?

ಆ ಸಂಜೆ ಸೈಕಲ್ಲನ್ನು ಅವನು ತಾನೇ ದೂಡಿಕೊಂಡು ಬಂದು ಶಾಲೆಯ ವರಾಂಡದಲ್ಲಿ ಒರಗಿಸಿದ. ನಾನು ಬೇಡಿಕೊಂಡೆ. ಆಯ್ಕೆ ಎದುರಿಗಿದೆ, ಹುಡುಗಿಯದೇನು ತಪ್ಪು ಎಂದೆ.

“ಅಕ್ಕೋರ, ನಮ್ಮ ಅಣತಮ್ಮಂದಿರೆಲ್ಲ ಬ್ಯಾಡ ಅಂದಾಗ ನಾ ಒಬ್ಬಾಂವ ಹೂಂ ಅಂದಿದ್ದೆ,” ಎಂದ. ದನಿ ಏರಿಸಲಿಲ್ಲ. “ಆ ಹೂಂ ಅಂದಾಂವನ್ನ ಕೊಂದ ಒಗದ್ರಲ್ಲ. ಇನ್ನ ಯಾರನ್ನ ಕೇಳ್ತೀರಿ?”

ನಾನು ಮರುದಿನವೇ ಜಮಖಂಡಿಗೆ ಹೋದೆ. ಆ ಏಜೆಂಟನ ಆಫೀಸಿನ ನಾಲ್ಕೂ ಗೋಡೆಗೆ ಫೋಟೋಗಳು, ಎಲ್ಲದರಲ್ಲೂ ಅವನೇ. ಟಿವಿಯಲ್ಲಿ ಒಂದು ಮಾತು ಹೇಳು, ಅಪ್ಪ ಬದುಕಿದ್ದಾನೆ, ನನ್ನಿಂದ ತಪ್ಪಾಯಿತು ಎಂದು ಹೇಳು, ಅಷ್ಟು ಸಾಕು, ಅವರು ಹುಡುಗಿಯನ್ನು ಕಳಿಸುತ್ತಾರೆ ಎಂದೆ. ಅವನು ಕುರ್ಚಿ ಎಳೆದು ಕೂರಿಸಿ, ಚಹಾ ತರಿಸಿದ.

“ಅಕ್ಕೋರ, ಅಪ್ಪ ಇದ್ದ ಹುಡುಗ್ಯಾರು ತಾಲೂಕಿನ ತುಂಬ ಅದಾರ. ಅವರನ್ನ ಯಾರ ನೋಡ್ತಾರ್ರೀ? ಈಗ ಇಡೀ ರಾಜ್ಯ ಆಕೀನ್ನ ನೋಡೇತಿ.” ಸ್ವಲ್ಪ ತಡೆದು, ಮುಖ ಅರಳಿಸಿ ಅಂದ: “ನಾಕ ದಿನ ತಡೀರಿ. ಕಳಕೊಂಡ ಅಪ್ಪ ತಿರುಗಿ ಸಿಕ್ಕ ಅಂತ ಮತ್ತೊಂದು ಸ್ಟೋರಿ ಮಾಡಸೂನು. ಅಪ್ಪ ಮಗಳು ತೆಕ್ಕಿ ಬಡಕೊಂಡು ಅಳ್ತಾರ. ಅದು ಇದಕ್ಕಿಂತ ಜೋರ ಹೋಗ್ತೈತಿ.”

ಅವನು ಚೇಷ್ಟೆಗೆ ಹೇಳಲಿಲ್ಲ. ಉಪಕಾರ ಮಾಡುತ್ತಿದ್ದೇನೆ ಎಂದೇ ಹೇಳಿದ. ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿ ಅವನ ಮುಖಕ್ಕೆ ಎರಚಿದೆ. ಇಂದಿಗೂ ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅವನು ಎದ್ದು ಆ ಬಿಳಿ ಟಾವೆಲ್ಲಿನಿಂದ ಮುಖ ಒರೆಸಿಕೊಂಡ, ಬಾಚಣಿಗೆ ತೆಗೆದು ಕ್ರಾಪು ಸರಿಮಾಡಿಕೊಂಡ.

“ಇದನ್ನ ಯಾರೂ ನೋಡಲಿಲ್ಲ ಬಿಡ್ರಿ,” ಎಂದ.

ಆಯ್ಕೆಯ ದಿನ ಮಾಯವ್ವ ನನ್ನ ತರಗತಿಯಲ್ಲಿ ಕಿಟಕಿಯ ಪಕ್ಕ ಕೂತಿದ್ದಳು. ಅವಳ ಜಾಗಕ್ಕೆ ಹಿಪ್ಪರಗಿ ಕಡೆಯ ಇನ್ನೊಬ್ಬ ಹುಡುಗಿಯನ್ನು ಅವನು ಕರೆದೊಯ್ದ. ಆ ಮಗುವಿನ ಮೇಲೆ ನನಗೆ ಸಿಟ್ಟಿಲ್ಲ, ಚೆನ್ನಾಗಿಯೇ ಹೊಡೆಯುತ್ತಿತ್ತು. ‘ಕ್ರೀಡಾಪಟುಗಳ ತಂದೆ’ ಎಂಬುದು ಮಾತ್ರ ಅಲ್ಲಿಂದ ಅವನಿಗೆ ಅಂಟಿಕೊಂಡಿತು. ಸ್ಟುಡಿಯೋದಲ್ಲಿ ಕೂತು ಗ್ರಾಮೀಣ ಪ್ರತಿಭೆಯ ಬಗ್ಗೆ ಮಾತಾಡಿದ, ವೇದಿಕೆಗಳಲ್ಲಿ ಶಾಲು ಹೊದ್ದ. ಮಾಯವ್ವನ ಆ ಹಳೆಯ ಕಾರ್ಯಕ್ರಮದ ತುಣುಕನ್ನು ಪ್ರತಿ ಸಲವೂ ಹಾಕುತ್ತಿದ್ದರು. ಟಿವಿಯಲ್ಲಿ ಅವಳು ಇನ್ನೂ ಒಂಬತ್ತನೇ ತರಗತಿಯಲ್ಲೇ ಇದ್ದಳು, ಅಪ್ಪನಿಲ್ಲದೆ.

ಈಗ ಅವಳು ಸರಕಾರಿ ಬಸ್ಸಿನಲ್ಲಿ ಕಂಡಕ್ಟರು. ಬೀಳಗಿಯಿಂದ ಬಾಗಲಕೋಟೆಗೆ ಹೋಗುವಾಗ ಕೆಲವು ಸಲ ಸಿಗುತ್ತಾಳೆ, ನನ್ನ ಟಿಕೆಟ್ಟಿಗೆ ತಾನೇ ಹಣ ಹಾಕಲು ಬಂದು ನನ್ನಿಂದ ಬೈಸಿಕೊಳ್ಳುತ್ತಾಳೆ. ಒಳ್ಳೆಯ ನೌಕರಿ ಸಿಕ್ಕಿತಲ್ಲ, ಇನ್ನೂ ಯಾಕೆ ಸಿಟ್ಟು ಎಂದು ಜನ ನನ್ನನ್ನು ಕೇಳುತ್ತಾರೆ. ಸೈಕಲ್ಲು ಏರಿದವಳನ್ನು ಅವರು ನೋಡಿಲ್ಲ. ಎದುರು ಗಾಳಿಯಲ್ಲಿ ಮೈ ಬಗ್ಗಿಸಿ, ತುಟಿ ಕಚ್ಚಿ, ಆ ಖಾಲಿ ರಸ್ತೆಯ ತುದಿಯಿಂದ ಅವಳು ಬರುತ್ತಿದ್ದುದನ್ನು ನಾನು ನೋಡಿದ್ದೇನೆ. ಆಮೇಲೆ ಅವಳು ಒಂದು ದಿನವೂ ಸೈಕಲ್ ಮುಟ್ಟಲಿಲ್ಲ.

ಅವನು ಸತ್ತ ಸುದ್ದಿ ಬಂದ ಮೇಲೆ ಬನಹಟ್ಟಿಗೆ ಮಾತಾಡಿಸಲು ಹೋಗಬೇಕು ಎಂದವಳು ಮಾಯವ್ವನ ಅವ್ವ. ನಾನು ಬೇಡವೆಂದೆ.

“ಸತ್ತ ಮನಿಗೆ ಹೋಗೂದು ತಪ್ಪಿಸಬಾರ್ದ್ರೀ ಅಕ್ಕೋರ,” ಎಂದಳು. “ಟಿವ್ಯಾಗ ಹೇಳ್ಯಾರಷ್ಟ. ಖರೇನ ಸತ್ತಾನಿಲ್ಲೋ ನೋಡಕೊಂಡ ಬರೂನು.”

ಗಂಡ ಹೆಂಡತಿ, ನಾನು ಮೂವರೂ ಹೋದೆವು. ನಡುಮನೆಯಲ್ಲಿ ಮಾಲೆ ಹಾಕಿದ ದೊಡ್ಡ ಫೋಟೋ, ಅದರ ಕೆಳಗೆ ಅವನ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಟಿವಿಯ ಒಬ್ಬ ಹೊಸ ವರದಿಗಾರ ಲೈಟು ಹಚ್ಚಿಸಿ ಅವಳ ಮುಂದೆ ಮೈಕು ಹಿಡಿದಿದ್ದ.

“ಅಮ್ಮಾರ, ಬಳಿ ಸಪ್ಪಳ ಬರಾಕತ್ತಾವ್ರೀ ಮೈಕಿನ್ಯಾಗ,” ಎಂದ ಅವನು. “ಸ್ವಲ್ಪ ತಗದ ಇಡ್ತೀರೇನು?”

ಆಕೆ ಏನೂ ತಿಳಿಯದವಳಂತೆ ಕೈ ಬಳೆಗೆ ಒಯ್ದಳು. ಮಾಯವ್ವನ ಅವ್ವ ನನ್ನ ಪಕ್ಕದಿಂದ ಎದ್ದದ್ದೇ ತಿಳಿಯಲಿಲ್ಲ. ಹೋಗಿ ಆಕೆಯ ಮುಂದೆ ಅಡ್ಡ ಕೂತು, ಸೆರಗು ಹರಡಿ ಆಕೆಯ ಎರಡೂ ಕೈ ಮುಚ್ಚಿದಳು.

“ಆಕಿ ಬಳಿ ಯಾವಾಗ ತಗೀಬೇಕು ಅನ್ನೂದು ಆಕಿಗೆ ಗೊತ್ತೈತಿ. ನಿನ್ನ ಮೈಕಿನ ಸಲುವಾಗಿ ಬ್ಯಾಡ. ಲೈಟ್ ಆರಸೋ ಮೊದಲ!”

ವರದಿಗಾರ ಲೈಟು ಆರಿಸಿದ. ಮುಖ ಸಣ್ಣದು ಮಾಡಿಕೊಂಡು, ನಮ್ಮ ಜೊತೆ ಬಂದು ಬಾಗಿಲ ಹತ್ತಿರ ನಿಂತಿದ್ದ ಅವಳ ಗಂಡನ ಕಡೆ ತಿರುಗಿ, ಸಾಹೇಬರ ಬಗ್ಗೆ ಎರಡು ಮಾತು ಹೇಳಿ, ನೀವು ಯಾರು ಎಂದು ಕೇಳಿದ.

“ನಾ ಮಾಯವ್ವನ ಅಪ್ಪ.”

“ಸೈಕಲ್ ಮಾಯವ್ವ? ಆಕಿಗೆ ಅಪ್ಪ ಇಲ್ಲಲ್ರೀ,” ಎಂದ ವರದಿಗಾರ. ಪಾಪ, ಅವನು ಹಳೆಯ ತುಣುಕು ನೋಡಿಕೊಂಡೇ ತಯಾರಾಗಿ ಬಂದಿದ್ದ.

“ಅದೇನಿ. ಅವತ್ತೂ ಇದ್ದೆ. ಬರಕೋ.”

ಅವನು ಬರೆದುಕೊಂಡದ್ದನ್ನು ನಾನೇ ನೋಡಿದೆ. ಮರುದಿನ ಸಂಜೆ ಅವರ ಮನೆಯಲ್ಲೇ ಕೂತು ಎಲ್ಲರೂ ಸುದ್ದಿ ನೋಡಿದೆವು. ಮಾಯವ್ವ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದು ಕೂತಿದ್ದಳು. ಅದೇ ದುಃಖದ ರಾಗ ಎದ್ದಿತು. ಅದೇ ಹುಡುಗಿ, ಅದೇ ಹಿನ್ನೀರಿನ ರಸ್ತೆ, ಅದೇ ಹಳದಿ ಹಣೆ. ಕೆಳಗೆ ಕೆಂಪು ಪಟ್ಟಿಯಲ್ಲಿ ಅಕ್ಷರ ಓಡಿದವು: ‘ಎರಡನೇ ಬಾರಿ ತಂದೆಯನ್ನು ಕಳೆದುಕೊಂಡ ಮಾಯವ್ವ’.

ನನಗೆ ಟಿವಿಯನ್ನು ಎತ್ತಿ ಅಂಗಳಕ್ಕೆ ಒಗೆಯಬೇಕೆನಿಸಿತು. ಅವಳ ಅಪ್ಪ ತಟ್ಟೆಯಲ್ಲಿ ರೊಟ್ಟಿ ಮುರಿಯುತ್ತಿದ್ದವನು ಮುರಿಯುತ್ತಲೇ ಇದ್ದ.

“ಮಾಯವ್ವಾ,” ಎಂದ, “ಮುಧೋಳಕ್ಕ ನಿಮ್ಮ ಸೋದರತ್ತಿಗೆ ಫೋನ್ ಹಚ್ಚಬೇ. ಅಳಕೋತ ಬರಬ್ಯಾಡ ಅನ್ನು. ಈ ಸಲ ನಾ ಮನ್ಯಾಗ ಅದೇನಿ.”